ಕಾಲ್ಗುಣ

ಹೊಸ ಸೊಸೆ ಮನೆಗೆ ಬಂದ ವರ್ಷ ಎಮ್ಮೆ ಹಾಲು ಬತ್ತಿಸಿಕೊಂಡರೆ, ಮಾವ ಜಾರಿ ಬಿದ್ದು ಕೈ ಮುರಿದುಕೊಂಡರೆ, ಹೊಲದ ಹತ್ತಿಗೆ ಹುಳು ಬಿದ್ದರೆ, ಎಲ್ಲಕ್ಕೂ ನಮ್ಮ ಕಡೆ ಒಂದೇ ಕಾರಣ ಸಾಕಾಗುತ್ತಿತ್ತು: ಆಕೆಯ ಕಾಲ್ಗುಣ. ಹಾಗೆಂದು ಯಾರೂ ಮುಖಕ್ಕೆ ಹೇಳುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು, ಒಳಗೆ ರೊಟ್ಟಿ ಬಡಿಯುತ್ತಿರುವವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು. ನಾನು ಸೊಸೆಯಾಗಿ ಯಾದಗಿರಿಗೆ ಬಂದ ವರ್ಷ ಮಳೆ ಚೆನ್ನಾಗಿ ಆಗಿತ್ತೆಂದು ಕಾಣುತ್ತದೆ, ನನಗೆ ಆ ಮಾತು ಬರಲಿಲ್ಲ. ಬಂದದ್ದು ಐವತ್ತೈದನೆಯ ವಯಸ್ಸಿನಲ್ಲಿ, ಒಂದು ಹಳೆಯ ಕಾರಿನ ದೆಸೆಯಿಂದ.

ನಮ್ಮ ಮನೆಯವರಿಗೆ ಎಡಗಾಲಿನ ಮಂಡಿ ಸವೆದಿದೆ. ಕ್ಲಚ್ ತುಳಿಯುವುದು ಆಗುವುದಿಲ್ಲ. ಅದಕ್ಕೆಂದೇ ನನ್ನ ತಮ್ಮ ಹೈದರಾಬಾದಿನಲ್ಲಿ ಯಾರೋ ಬಳಸಿದ ಆಟೊಮ್ಯಾಟಿಕ್ ಕಾರೊಂದನ್ನು ಹುಡುಕಿ ಕೊಡಿಸಿದ. ಎರಡೇ ಪೆಡಲು, ಒಂದು ಓಡಿಸುವುದಕ್ಕೆ, ಇನ್ನೊಂದು ನಿಲ್ಲಿಸುವುದಕ್ಕೆ. 2014ರಿಂದ ಈಚೆಗೆ ನಮ್ಮ ಸಣ್ಣ ಕಾರುಗಳಲ್ಲಿ ಬಂದಿರುವ ಅಗ್ಗದ ಏರ್ಪಾಡಿನಲ್ಲಿ ಕ್ಲಚ್ ಇರುತ್ತದೆ, ಅದನ್ನು ಯಂತ್ರವೇ ಒತ್ತುತ್ತದೆ. ನಮ್ಮದು ಅದಕ್ಕಿಂತ ಹಳೆಯ ಪೈಕಿ. ಅದರಲ್ಲಿ ಕಾಲಲ್ಲಿ ಒತ್ತುವ ಕ್ಲಚ್ಚೂ ಇಲ್ಲ, ಒತ್ತಿಕೊಡುವ ಯಂತ್ರವೂ ಇಲ್ಲ. ಇದರಿಂದ ಏನು ಕಷ್ಟ ಬರುತ್ತದೆ ಎಂಬುದು ನಮಗೆ ಆಗ ತಿಳಿದಿರಲಿಲ್ಲ. ಊರೊಳಗೆ ಇವರು ಓಡಿಸುತ್ತಿದ್ದರು. ಸ್ಟೇಷನ್ನು, ತರಕಾರಿ, ಸುಭಾಷ್ ಸರ್ಕಲ್ಲಿನವರೆಗೆ. ಮಂಡಿ ಹೆಚ್ಚು ಹೊತ್ತು ಮಡಚಿ ಕೂಡಲು ಒಪ್ಪದ್ದರಿಂದ ದೂರದ ದಾರಿ ನನ್ನ ಪಾಲಿಗೆ ಬಂತು. ಶಹಾಪುರದ ಆಚೆಗೆ ನನ್ನ ಶಾಲೆ, ಅದಕ್ಕೂ ಆಚೆ ಸುರಪುರದಲ್ಲಿ ತವರು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು ನಾನು. ಕಲಿಯುವಾಗ ಓಣಿಯ ಮಕ್ಕಳೆಲ್ಲ ಕಟ್ಟೆ ಹತ್ತಿ ನಿಂತು ನೋಡಿದ್ದನ್ನು ಬರೆಯಹೋದರೆ ಅದೇ ಬೇರೊಂದು ಪ್ರಬಂಧವಾದೀತು.

ಮೊದಲ ಸಲ ಅದು ನಿಂತದ್ದು ಭೀಮಾ ಸೇತುವೆ ದಾಟಿ ಬಹಳ ಹೊತ್ತಾದ ಮೇಲೆ, ಒಂದು ಊರಿನ ಹಂಪ್ ಬಳಿ. ಅಲ್ಲಿಯವರೆಗೆ ಚೆನ್ನಾಗಿ ಓಡಿ ಬಂದ ಗಾಡಿ ನಾನು ಬ್ರೇಕ್ ಒತ್ತಿ ನಿಧಾನ ಮಾಡುತ್ತಲೇ ಒಮ್ಮೆ ನಡುಗಿ, ಕೆಮ್ಮಿ, ಸುಮ್ಮನಾಯಿತು. ಎಂಜಿನ್ ಸತ್ತರೆ ಸ್ಟಿಯರಿಂಗು ಬೀಸುವ ಕಲ್ಲಿನಷ್ಟು ಭಾರವಾಗುತ್ತದೆ. ಒಂದೆರಡು ಸಲ ತುಳಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತದೆ. ಹಿಂದೆ ಭತ್ತದ ಮೂಟೆ ಹೊತ್ತ ಲಾರಿ. ಆ ಡ್ರೈವರನ ಹಾರ್ನು ಇವತ್ತಿಗೂ ನನ್ನ ಬೆನ್ನಿನಲ್ಲಿದೆ. ಹೇಗೋ ಬದಿಗೆ ಎಳೆದು, ಲಿವರನ್ನು ನ್ಯೂಟ್ರಲಿಗೆ ಹಾಕಿ ಕೀಲಿ ತಿರುವಿದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ಆ ವಾರ ಹಾಗೆ ನಾಲ್ಕು ಸಲ.

ಆಮೇಲೆ ಶುರುವಾಯಿತು ಕಾರಣಗಳ ಸಂತೆ. ಬ್ಯಾಟರಿ ಅಂಗಡಿಯವನು ಬ್ಯಾಟರಿ ಎಂದ. ಪಕ್ಕದ ಮನೆಯವರು ಪೆಟ್ರೋಲಿನಲ್ಲಿ ನೀರು ಎಂದರು. ನಮ್ಮ ಅತ್ತೆಯವರ ತಂಗಿ ಲಿಂಬೆಹಣ್ಣು, ಮೆಣಸಿನಕಾಯಿ ತಂದು ಮುಂದೆ ಕಟ್ಟಿದರು. ಅವರ ಲೆಕ್ಕದಲ್ಲಿ ಓಣಿಯ ಕಣ್ಣು ತಾಗಿತ್ತು. ಒಂದು ಗ್ಯಾರೇಜಿನಲ್ಲಿ ಪ್ಲಗ್ಗು ಬದಲಿಸಿದರು, ಪೆಟ್ರೋಲ್ ಫಿಲ್ಟರ್ ಬದಲಿಸಿದರು, ಗಾಳಿ ಒಳಗೆಳೆಯುವ ಥ್ರಾಟಲ್ ಬಾಡಿ ಬಿಚ್ಚಿ ಅದರೊಳಗಿನ ಮಸಿಯನ್ನು ತೊಳೆದರು. ಇದೆಲ್ಲ ಸುಳ್ಳು ರಿಪೇರಿ ಎಂದು ನಾನು ಹೇಳುವುದಿಲ್ಲ. ಥ್ರಾಟಲ್ಲಿನಲ್ಲಿ ಮಸಿ ಕಟ್ಟಿದರೂ, ಗಾಳಿಯ ರಬ್ಬರ್ ಕೊಳವೆ ಸೀಳಿದರೂ, ಪೆಟ್ರೋಲ್ ಪಂಪು ಸೋತರೂ ಕಾಲು ತೆಗೆದಾಗ ಎಂಜಿನ್ ನಿಲ್ಲುವುದುಂಟಂತೆ. ಒಂದೊಂದೂ ಆಗಬಹುದಾದ ಕಾರಣವೇ. ಆದರೆ ಪ್ರತಿಯೊಬ್ಬರೂ ಹೇಳಿದ್ದು ತಮ್ಮ ಅಂಗಡಿಯಲ್ಲಿ ಸಿಗುವ ಕಾರಣವನ್ನು. ಗ್ಯಾರೇಜಿನವರು ರಿಪೇರಿ ಮಾಡಿ ಊರೊಳಗೆ ಒಂದು ಸುತ್ತು ಹಾಕಿ ತರುತ್ತಿದ್ದರು. ಗಾಡಿ ನಿಲ್ಲುತ್ತಿರಲಿಲ್ಲ. ದುಡ್ಡು ಕೊಟ್ಟು ಬರುತ್ತಿದ್ದೆವು. ಮಾರನೆಯ ದಿನ ನಾನು ಶಾಲೆಗೆ ಹೊರಟರೆ ಮತ್ತದೇ ಕಥೆ.

ಇವರು ಮಾತ್ರ ಬೇರೊಂದು ಲೆಕ್ಕ ಹಾಕಿದ್ದರು. ನಿವೃತ್ತ ಗುಮಾಸ್ತರು, ಲೆಕ್ಕದಲ್ಲಿ ಗಟ್ಟಿ. ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದರು, "ನೋಡು, ನಾ ಓಡಿಸ್ದಾಗ ಒಂದು ಸಲಾನೂ ಬಂದ್ ಬಿದ್ದಿಲ್ಲ. ನೀ ಓಡಿಸ್ದಾಗ ಅಷ್ಟೇ ಬೀಳ್ತದ. ಗಾಡಿದಾಗ ಏನೂ ಇಲ್ಲ, ನಿನ್ನ ಕಾಲಿಂದೇ ಏನೋ ಅದ."

ನಾನು ಸುಮ್ಮನೆ ಸಾರು ಬಡಿಸಿದೆ. ಸಿಟ್ಟು ಬರಲಿಲ್ಲವೆಂದಲ್ಲ. ಆದರೆ ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವರು ಓಡಿಸಿದಾಗ ನಿಂತಿರಲಿಲ್ಲ, ನಾನು ಓಡಿಸಿದಾಗಲೇ ನಿಂತಿತ್ತು. ಆ ರಾತ್ರಿ ನನ್ನನ್ನು ಕಾಡಿದ್ದು ಇದೇ. ಸಾಕ್ಷಿಯೆಲ್ಲ ನಿಜವಾಗಿದ್ದೂ ತೀರ್ಪು ತಪ್ಪಾಗಿರಬಹುದೇ? ಆಗಿದ್ದರೆ ಆ ತಪ್ಪು ಯಾರದು? ಸೊಸೆ ಬಂದದ್ದೂ ನಿಜ, ಎಮ್ಮೆ ಹಾಲು ಬತ್ತಿಸಿಕೊಂಡದ್ದೂ ನಿಜ. ಎರಡು ನಿಜಗಳನ್ನು ಒಂದು ದಾರದಲ್ಲಿ ಪೋಣಿಸುವ ಕೈ ಯಾವುದು ಎಂದು ಮಾತ್ರ ಯಾರೂ ಕೇಳುವುದಿಲ್ಲ. "ಯಾಕ ಹಿಂಗಾಯ್ತು?" ಎಂದು ಶುರುವಾದ ಮಾತು ನಮ್ಮ ಮನೆಗಳಲ್ಲಿ ಎರಡು ನಿಮಿಷ ಕಳೆಯುವುದರೊಳಗೆ "ಯಾರಿಂದ ಹಿಂಗಾಯ್ತು?" ಎಂದಾಗಿರುತ್ತದೆ. ಹಾಲು ಒಡೆದರೂ ಅಷ್ಟೆ, ಮಗುವಿಗೆ ಜ್ವರ ಬಂದರೂ ಅಷ್ಟೆ. ಯಾರು ಎಂಬುದು ಸಿಕ್ಕ ಕೂಡಲೇ ಯಾಕೆ ಎಂಬುದನ್ನು ಹುಡುಕುವ ಕೆಲಸ ನಿಂತುಹೋಗುತ್ತದೆ. ಮನಸ್ಸಿಗೆ ಒಂದು ಬಗೆಯ ಸಮಾಧಾನವೂ ಆಗುತ್ತದೆ, ಅದೇ ಕೆಟ್ಟದ್ದು.

ದೊಡ್ಡವರ ಕಥೆಗಳೂ ಇದಕ್ಕೆ ಹೊರತಲ್ಲ. ನಮ್ಮ ಸುರಪುರದಲ್ಲಿ ಟೇಲರ್ ಮಂಜಿಲ್ ಇದೆ. ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಅಲ್ಲಿದ್ದು, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಂಡವನು. ಹುಡುಗ ಅವನನ್ನು ಅಪ್ಪನೆಂದೇ ಕರೆಯುತ್ತಿದ್ದ. ದೊಡ್ಡವನಾದ ಮೇಲೆ 1858ರಲ್ಲಿ ಅದೇ ಹುಡುಗ ಬ್ರಿಟಿಷರ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಸಿಕ್ಕ, ಶಿಕ್ಷೆಯ ಕೋಟೆಗೆ ಒಯ್ಯುತ್ತಿರುವಾಗ ದಾರಿಯಲ್ಲೇ ಗುಂಡಿನಿಂದ ಸತ್ತ. ಟೇಲರ್ ಸತ್ತ ಮೇಲೆ 1877ರಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿ ಇದಕ್ಕೆಲ್ಲ ಅವನದೇ ವಿವರಣೆಗಳಿವೆ. ರಾಜ ತಾನೇ ಗುಂಡು ಹಾರಿಸಿಕೊಂಡ ಎನ್ನುವುದು ಅವುಗಳಲ್ಲೊಂದು. ಊರಿನಲ್ಲಿ ಅದನ್ನು ಒಪ್ಪದವರಿದ್ದಾರೆ. ನಾನು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಒಬ್ಬ ಹುಡುಗನಾದರೂ ಕೇಳುತ್ತಾನೆ, ಅಪ್ಪಾ ಎಂದು ಕರೆಯುತ್ತಿದ್ದವನು ತಿರುಗಿ ಬಿದ್ದದ್ದು ಯಾಕೆ ಎಂದು. ಮನೆಯ ಯಜಮಾನಿಕೆಯನ್ನೇ ಹೊರಗಿನವರು ಹಿಡಿದುಕೊಂಡು ಕೂತಾಗ ಪ್ರೀತಿ ಎಷ್ಟಿದ್ದರೇನು ಎನ್ನುವುದು ನನ್ನ ಉತ್ತರ. ಮಗನಂತೆ ಬೆಳೆಸಿದವನಿಗೆ ಮಗನ ದೋಷಗಳು ಕಂಡಷ್ಟು ಸುಲಭವಾಗಿ ತಾನು ಕೂತಿರುವ ಜಾಗ ಕಾಣುವುದಿಲ್ಲ.

ಇರಲಿ, ಕಾರಿಗೆ ಬರುತ್ತೇನೆ. ಕಡೆಗೆ ನಮ್ಮ ಶಾಲೆಯ ಜವಾನ ಶಹಾಪುರದ ಒಬ್ಬ ಉಸ್ತಾದರ ವಿಷಯ ಹೇಳಿದ. ಹಿಂದೆ ಮುಂಬಯಿಯಲ್ಲಿ ಆಟೊಮ್ಯಾಟಿಕ್ ಗಾಡಿಗಳ ಗೇರ್ ಬಾಕ್ಸ್ ಬಿಚ್ಚಿ ಕಟ್ಟಿದ ಕೈಯಂತೆ. ವಯಸ್ಸಾದವರು, ಕನ್ನಡಕದ ಒಂದು ಕಡ್ಡಿಗೆ ದಾರ. ನಾನು ಹೋಗಿ ನಿಂತ ಕೂಡಲೇ ಬಾನೆಟ್ ಎತ್ತುತ್ತಾರೆಂದುಕೊಂಡಿದ್ದೆ. ಎತ್ತಲಿಲ್ಲ. ಸ್ಟೂಲು ಸರಿಸಿ ಕೂಡಲು ಹೇಳಿ, ಡಾಕ್ಟರರು ನಾಡಿ ಹಿಡಿದು ಕೇಳುವ ಹಾಗೆ ಕೇಳತೊಡಗಿದರು.

"ಮುಂಜಾನಿ ಗಾಡಿ ತಣ್ಣಗ ಇದ್ದಾಗ ಬಂದ್ ಬೀಳ್ತದೇನ್ರಿ ಅಕ್ಕೋರ?"

"ಇಲ್ರಿ, ಒಂದಷ್ಟು ದಾರಿ ಬಂದ ಮ್ಯಾಲ."

"ಓಣಿದಾಗ?"

"ಇಲ್ಲ."

"ಜೋರ್ ಬಂದು ಸಾವಕಾಶ ಮಾಡಿದಾಗ ಅಷ್ಟೇ?"

"ಹೌದ್ರಿ, ಅಷ್ಟೇ."

ಅಷ್ಟು ಕೇಳಿ, ಗಾಡಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತರು. ಸುರಪುರದ ರಸ್ತೆಗೆ ಹಾಕಿಸಿ ಹತ್ತಿಗೂಡೂರಿನ ಕಡೆ ಓಡಿಸಲು ಹೇಳಿದರು. ಎಪ್ಪತ್ತರ ವೇಗದಿಂದ ನಿಧಾನ ಮಾಡಿದೆ, ನಿಂತಿತು. ಮತ್ತೆ ಚಾಲೂ ಮಾಡಿಸಿ, "ಈಗ ಬ್ರೇಕ್ ಹಾಕಿ ನಿಧಾನ ಮಾಡ್ರಿ, ನಿಲ್ಲೋಕಿಂತ ಮೊದಲು ನ್ಯೂಟ್ರಲಿಗಿ ತರ್ರಿ" ಎಂದರು. ಹಾಗೆ ಮಾಡಿದೆ. ಗಾಡಿ ನಿಂತಿತು, ಎಂಜಿನ್ ನಿಲ್ಲಲಿಲ್ಲ. ಸಣ್ಣಗೆ ಗುನುಗುತ್ತಲೇ ಇತ್ತು. ಮೂರು ಸಲ ಮಾಡಿಸಿದರು, ಮೂರು ಸಲವೂ ಹಾಗೆಯೇ.

"ಎಂಜಿನಿಂದು ಏನೂ ತಪ್ಪಿಲ್ರಿ. ಒಳಗ ಒಂದು ಹಿಡ್ಕೊಂಡದ್ದು ಬಿಡವಲ್ದು."

ಆಮೇಲೆ ಚಹಾ ಕುಡಿಯುತ್ತ ಅವರು ಬಿಡಿಸಿ ಹೇಳಿದ್ದು ಹೀಗೆ. ಕ್ಲಚ್ಚಿನ ಬದಲು ಈ ಗಾಡಿಯಲ್ಲಿ ಟಾರ್ಕ್ ಕನ್ವರ್ಟರ್ ಎಂಬ ದುಂಡನೆಯ ಡಬ್ಬಿ ಇದೆ, ಅದರ ತುಂಬ ಎಣ್ಣೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಹಚ್ಚಿದರೆ ಅದರ ಗಾಳಿಗೆ ಇನ್ನೊಂದು ತಾನೇ ತಿರುಗುವುದಿಲ್ಲವೇ? ಹಾಗೆ ಎಂಜಿನ್ ಒಂದು ರೆಕ್ಕೆಯನ್ನು ತಿರುಗಿಸಿದರೆ ಎಣ್ಣೆಯ ರಭಸಕ್ಕೆ ಚಕ್ರದ ಕಡೆಯ ರೆಕ್ಕೆ ತಿರುಗುತ್ತದೆ. ನಡುವೆ ಇರುವುದು ಎಣ್ಣೆ ಮಾತ್ರವಾದ್ದರಿಂದ ಚಕ್ರ ನಿಂತರೂ ಎಂಜಿನ್ ತನ್ನ ಪಾಡಿಗೆ ತಿರುಗುತ್ತಿರಬಹುದು. ಆದರೆ ಎಣ್ಣೆಯಲ್ಲಿ ಒಂದಿಷ್ಟು ಶಕ್ತಿ ಜಾರಿ ಪೋಲಾಗುತ್ತದೆ. ಅದನ್ನು ಉಳಿಸುವುದಕ್ಕೆ ಡಬ್ಬಿಯೊಳಗೆ ಒಂದು ಚಿಕ್ಕ ಕ್ಲಚ್ ಇಟ್ಟಿದ್ದಾರೆ. ಗಾಡಿ ಬಿಸಿಯಾಗಿ, ವೇಗ ಹಿಡಿದ ಮೇಲೆ ಆ ಕ್ಲಚ್ ಎರಡೂ ಕಡೆಯನ್ನು ಒಂದಾಗಿ ಬಿಗಿದುಬಿಡುತ್ತದೆ. ನಿಧಾನವಾಗುವಾಗ ಬಿಡಬೇಕು. ಬಿಡಿಸುವುದು ವಿದ್ಯುತ್ತಿನಿಂದ ನಡೆಯುವ ಒಂದು ಪುಟ್ಟ ವಾಲ್ವು. ಅದು ಬಿಸಿಯಲ್ಲಿ ಸಿಕ್ಕಿಕೊಂಡರೆ ಕ್ಲಚ್ ಬಿಡುವುದಿಲ್ಲ. ಆಗ ನಿಲ್ಲುತ್ತಿರುವ ಚಕ್ರ ಎಂಜಿನ್ನನ್ನೂ ತನ್ನ ಜೊತೆಗೆ ಎಳೆದು ನಿಲ್ಲಿಸಿಬಿಡುತ್ತದೆ. ಮಾಮೂಲಿ ಗಾಡಿಯಲ್ಲಿ ಕ್ಲಚ್ ಒತ್ತದೆ ಬ್ರೇಕ್ ಹಾಕಿದರೆ ಆಗುವುದೂ ಇದೇ.

ಇವರು ಓಡಿಸಿದಾಗ ಯಾಕೆ ನಿಲ್ಲುತ್ತಿರಲಿಲ್ಲ ಎಂಬುದು ಅಲ್ಲಿಗೆ ತಿಳಿಯಿತು. ಓಣಿಯ ವೇಗಕ್ಕೆ ಆ ಕ್ಲಚ್ ಹಿಡಿಯುವುದೇ ಇಲ್ಲ, ಇನ್ನು ಬಿಡುವುದೆಲ್ಲಿಂದ? ಗ್ಯಾರೇಜಿನವರಿಗೂ ಅದಕ್ಕೇ ಸಿಕ್ಕಿರಲಿಲ್ಲ. ಉಸ್ತಾದರು ಗಾಡಿಯ ಕೆಳಗೆ ತೂರಿ ಗೇರ್ ಬಾಕ್ಸಿಗೆ ಹೋಗುವ ಒಂದು ವೈರಿನ ಕನೆಕ್ಷನ್ ಬಿಚ್ಚಿ, ಅದೇ ದಾರಿಯಲ್ಲಿ ಮತ್ತೆ ಓಡಿಸಲು ಹೇಳಿದರು. ಮೀಟರಿನಲ್ಲಿ ಒಂದು ದೀಪ ಹತ್ತಿಕೊಂಡಿತು, ಗಾಡಿ ನಿಲ್ಲಲಿಲ್ಲ. "ಈಗ ಖಾತ್ರಿ ಆಯ್ತು" ಎಂದರು. ಅಲ್ಲಿಯವರೆಗೆ ಒಂದು ರೂಪಾಯಿಯ ಸಾಮಾನನ್ನೂ ಅವರು ಬದಲಿಸಿರಲಿಲ್ಲ. ಆಮೇಲೆ ಹೈದರಾಬಾದಿನಿಂದ ವಾಲ್ವು ತರಿಸಿ ಹಾಕಿ, ಗೇರ್ ಬಾಕ್ಸಿನ ಕಪ್ಪಾಗಿದ್ದ ಎಣ್ಣೆ ತೆಗೆದು ಹೊಸದು ತುಂಬಿದರು. ಎಲ್ಲ ಸೇರಿ ಆದ ಖರ್ಚು, ಅದಕ್ಕೆ ಮೊದಲು ನಾವು ಸುಮ್ಮನೆ ಕಳೆದುಕೊಂಡದ್ದಕ್ಕಿಂತ ಕಡಿಮೆ.

ಮನೆಗೆ ಬಂದು ಹೇಳಿದೆ. ಇವರು ಎಲ್ಲ ಕೇಳಿ, ಚಸ್ಮಾ ಒರೆಸಿಕೊಂಡು, "ಹಂಗಾದ್ರ ಗಾಡಿದೇ ಇತ್ತಲ್ಲ" ಎಂದರು. ಅಷ್ಟೆ. ಮುಂದಿನ ಭಾನುವಾರ ಜೊತೆಯಲ್ಲಿ ಸುರಪುರಕ್ಕೆ ಹೊರಟಾಗ, ಪ್ರತಿ ಹಂಪ್ ಬಂದಾಗಲೂ ಪಕ್ಕದ ಸೀಟಿನಲ್ಲಿ ಇವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಾನು ನೋಡಿದರೂ ನೋಡದವಳಂತೆ ಇದ್ದೆ. ಗಂಡಂದಿರ ಕ್ಷಮೆ ಕೇಳುವ ರೀತಿ ಮೂವತ್ತು ವರ್ಷ ಬಾಳಿದವರಿಗೆ ಗೊತ್ತಿರುತ್ತದೆ, ಸಂಜೆ ತಾವೇ ಚಹಾ ಮಾಡಿ ತಂದಿಟ್ಟರು.

ಇಲ್ಲಿಗೆ ಮುಗಿಸಿದ್ದರೆ ಗೆದ್ದವಳು ನಾನು. ಆದರೆ "ನೀ ಓಡಿಸ್ದಾಗ ಅಷ್ಟೇ ಬೀಳ್ತದ" ಎಂಬ ಮಾತಿನಂಥದನ್ನೇ ನಾನೂ ಒಮ್ಮೆ ಒಬ್ಬಳಿಗೆ ಹೇಳಿದ್ದೆ.

2003ನೆಯ ಇಸವಿಯ ಮಾತು. ಆಗಿನ್ನೂ ನಮ್ಮದು ಗುಲ್ಬರ್ಗಾ ಜಿಲ್ಲೆ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಒಂಬತ್ತನೆಯ ತರಗತಿಗೆ ನಾನು ಸಮಾಜ ವಿಜ್ಞಾನ ಹೇಳುತ್ತಿದ್ದೆ. ಅರವತ್ತೆರಡು ಮಕ್ಕಳು. ಹತ್ತಿರದ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಇಸವಿ ಕೇಳಿದರೆ, ಹೆಸರು ಕೇಳಿದರೆ, ಬಾಣದ ಹಾಗೆ ಉತ್ತರ. ಗಣಿತದ ಮಾಸ್ತರರು ಅವಳನ್ನು ಹೊಗಳುತ್ತಿದ್ದರು. ಆದರೆ ನಾನು ಎಬ್ಬಿಸಿ, "ಯಾಕೆ ಹಾಗಾಯಿತು, ವಿವರಿಸು" ಎಂದರೆ ನಿಂತುಬಿಡುತ್ತಿದ್ದಳು. ಬಾಯಿ ತೆರೆಯುವುದು, ಮುಚ್ಚುವುದು, ಕಿಟಕಿಯ ಕಡೆ ನೋಡುವುದು. ನಾನು ಐದೆಣಿಸುವಷ್ಟು ಕಾಯುತ್ತಿದ್ದೆನೋ ಇಲ್ಲವೋ, ಮುಂದಿನವಳನ್ನು ಎಬ್ಬಿಸುತ್ತಿದ್ದೆ. ಎಲ್ಲ ತರಗತಿಯಲ್ಲಿ ಸರಿಯಿರುವವಳು ನನ್ನ ತರಗತಿಯಲ್ಲಿ ಮಾತ್ರ ನಿಲ್ಲುತ್ತಾಳೆ, ಅಂದಮೇಲೆ ಹಟ ಎಂದು ತೀರ್ಮಾನಿಸಿದೆ. ಗುಣ ಸರಿಯಿಲ್ಲ ಎಂದೆ. ದಸರೆಗೆ ಮುಂಚೆ ಅವಳ ಅಪ್ಪ ಬಂದು ಕೇಳಿದಾಗ, "ನಿಮ್ಮ ಹುಡುಗಿಗಿ ಓದು ಹತ್ತಂಗಿಲ್ಲ, ಮನಸ್ಸಿಲ್ಲ ಅಕೀಗಿ" ಎಂದುಬಿಟ್ಟೆ. ಆತ ತಲೆಯಾಡಿಸಿ ಹೋದ. ದೀಪಾವಳಿ ಮುಗಿದ ಮೇಲೆ ತಾಂಡಾದ ಮಂದಿ ಪ್ರತಿ ವರ್ಷದಂತೆ ಪುಣೆಗೆ ದುಡಿಯಲು ಹೋದರು. ಓದುವ ಮಕ್ಕಳನ್ನು ಕೆಲವರು ಅಜ್ಜಿಯರ ಬಳಿ ಬಿಟ್ಟು ಹೋಗುತ್ತಿದ್ದರು. ಇವಳನ್ನು ಬಿಡಲಿಲ್ಲ. ಬಿಡುವುದಕ್ಕೆ ಒಂದು ಕಾರಣ ಬೇಕಿತ್ತು, ಇದ್ದ ಕಾರಣವನ್ನು ನಾನೇ ಕಿತ್ತುಹಾಕಿದ್ದೆ.

2011ರ ಫೆಬ್ರುವರಿಯಲ್ಲಿ ಜನಗಣತಿಯ ಕೆಲಸಕ್ಕೆ ನನಗೆ ಅದೇ ತಾಂಡಾ ಬಂತು. ಒಂದು ಮನೆಯ ಮುಂದೆ ಕೂತು ಪಟ್ಟಿ ಬಿಚ್ಚಿದಾಗ ಒಳಗಿನಿಂದ ಮಗುವನ್ನೆತ್ತಿಕೊಂಡು ಬಂದವಳು ಅವಳೇ. ಗುರುತು ಹಿಡಿದು ನಕ್ಕಳು. ಮನೆಯ ಯಜಮಾನಿ ಅವಳ ಅಜ್ಜಿ, ಕನ್ನಡ ಬಾರದು. ನಾನು ಕೇಳಿದ್ದನ್ನೆಲ್ಲ ಅವಳು ಲಂಬಾಣಿಯಲ್ಲಿ ಅಜ್ಜಿಗೆ ಹೇಳುವುದು, ಅಜ್ಜಿ ಯೋಚಿಸಿ ಹೇಳುವುದು, ಅದನ್ನು ಇವಳು ಕನ್ನಡಕ್ಕೆ ತಂದು ನನಗೆ ಹೇಳುವುದು. ಎಷ್ಟು ಅಚ್ಚುಕಟ್ಟು! ಅಜ್ಜಿ ಇಷ್ಟುದ್ದ ಹೇಳಿದ್ದರಲ್ಲಿ ನನಗೆ ಬೇಕಾದದ್ದನ್ನಷ್ಟೇ ಆರಿಸಿ ಕೊಡುತ್ತಿದ್ದಳು. ಪ್ರತಿ ಸಲವೂ, ಆ ಮಾತಿನಿಂದ ಈ ಮಾತಿಗೆ ದಾಟುವಾಗ, ಒಂದು ಗಳಿಗೆ ಸುಮ್ಮನಾಗಿ ಬೇವಿನ ಮರದ ಕಡೆ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತಿತ್ತು. ನನ್ನ ತರಗತಿಯ ಕಿಟಕಿಯ ಕಡೆ ನೋಡುತ್ತಿದ್ದದ್ದು ಅದೇ. ಆಗ ಅವಳೊಳಗೇ ಇಬ್ಬರೂ ಕೂತಿದ್ದರು, ಅಜ್ಜಿಯೂ ಅವಳೇ, ಹೇಳುವವಳೂ ಅವಳೇ. ಇಸವಿಗೆ, ಲೆಕ್ಕಕ್ಕೆ ದಾಟುವ ಕೆಲಸವಿಲ್ಲ. 'ವಿವರಿಸು' ಎಂದಾಗ ಇತ್ತು.

ನನ್ನನ್ನು ನಾನು ಸಮರ್ಥಿಸಿಕೊಳ್ಳಲು ಮಾತುಗಳಿಲ್ಲವೆಂದಲ್ಲ. ಅರವತ್ತೆರಡು ಮಕ್ಕಳು, ಮುಗಿಸಬೇಕಾದ ಪಾಠಗಳು, ಲಂಬಾಣಿಯ ಒಂದಕ್ಷರ ನಮಗೆ ಯಾರೂ ಕಲಿಸದೇ ಇದ್ದದ್ದು. ಇವೆಲ್ಲ ನಿಜವಾದ ಕಾರಣಗಳೇ. ಆದರೆ ನೋಡಿ, ನನ್ನ ವಿಷಯಕ್ಕೆ ಬಂದಾಗ ನನಗೆ ಎಷ್ಟೊಂದು ಕಾರಣಗಳು ಸಿಗುತ್ತವೆ! ಅವಳ ವಿಷಯದಲ್ಲಿ ಸಿಕ್ಕದ್ದು ಗುಣ ಮಾತ್ರ. ಹಾಗೆಂದು ಎಲ್ಲಕ್ಕೂ ಕಾರಣ ಇರುತ್ತದೆ, ಆದ್ದರಿಂದ ಯಾರದೂ ತಪ್ಪಿಲ್ಲ ಎನ್ನುವ ಮಾತನ್ನು ನಾನು ಒಪ್ಪಲಾರೆ. ಪಕ್ಕದವನ ಪೆನ್ನು ಕದ್ದ ಹುಡುಗನಿಗೂ ಕಾರಣವಿರುತ್ತದೆ, ಆದರೂ ಪೆನ್ನು ವಾಪಸು ಕೊಡಿಸಬೇಕು, ಬೈಯಲೂ ಬೇಕು. ಉಸ್ತಾದರು ಕೂಡ ಕಡೆಗೆ ವಾಲ್ವಿನ ಮೇಲೆ ಬೆರಳಿಟ್ಟು ತೋರಿಸಿದರು. ಆದರೆ ಅದಕ್ಕೆ ಮೊದಲು ಅವರು ಕೇಳಿದ ಪ್ರಶ್ನೆಗಳಲ್ಲಿ ಯಾವುದಕ್ಕೂ ಉತ್ತರ ಅವರಿಗೆ ಮೊದಲೇ ಗೊತ್ತಿರಲಿಲ್ಲ. ನಾನು ತರಗತಿಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳಿಗೆಲ್ಲ ಉತ್ತರ ನನ್ನ ಕೈಯಲ್ಲಿಯೇ ಇರುತ್ತಿತ್ತು. ಅವಳು ಯಾಕೆ ನಿಲ್ಲುತ್ತಾಳೆಂಬ ಪ್ರಶ್ನೆಗೂ ಅದೇ ಅಭ್ಯಾಸದಿಂದ ಉತ್ತರ ಇಟ್ಟುಕೊಂಡಿದ್ದೆ. ಕಾರಿಗಾದರೆ ವಾಲ್ವು ಹಾಕಿಸಿದರೆ ತೀರಿತು. ಇಲ್ಲಿ ಎಂಟು ವರ್ಷ ಕಳೆದಿತ್ತು.

ಗಣತಿಯ ಪಟ್ಟಿಯಲ್ಲಿ ಮಾತೃಭಾಷೆಗೆ ಒಂದು ಕಾಲಂ, ಗೊತ್ತಿರುವ ಬೇರೆ ಭಾಷೆಗಳಿಗೆ ಇನ್ನೊಂದು. ಲಂಬಾಣಿ ಎಂದು ಬರೆದೆ. (ಆಮೇಲೆ ದಿಲ್ಲಿಯಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಅದನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. ನಮ್ಮ ಕಡೆಯ ತಾಂಡಾದಲ್ಲಿ ಕೂತು ಕೇಳಿದ ಯಾರಿಗೂ ಅದು ಹಿಂದಿ ಎನಿಸಲಾರದು.) ಪಕ್ಕದ ಕಾಲಮಿನಲ್ಲಿ ಅವಳ ಹೆಸರಿನ ಮುಂದೆ ಕನ್ನಡ ಬರೆದೆ, "ಮರಾಠಿನೂ ಬರ್ತದ್ರಿ, ಪುಣೆದಾಗ ಕಲ್ತೀನಿ" ಎಂದಳು, ಅದನ್ನೂ ಬರೆದೆ. ಮುಂದಿನದು ಶಾಲೆಗೆ ಹೋಗುತ್ತಿದ್ದಾಳೆಯೇ, ಎಲ್ಲಿಯವರೆಗೆ ಓದಿದ್ದಾಳೆ ಎಂಬುದು. ಒಂಬತ್ತು ಮುಗಿದಿರಲಿಲ್ಲ. ಎಂಟು ಎಂದು ಬರೆದೆ. ಯಾಕೆ ಬಿಟ್ಟಳು ಎಂಬುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಪಟ್ಟಿ ಮಡಿಸುವಾಗ ಅಜ್ಜಿ ನನ್ನ ಕಡೆ ಕೈ ಮಾಡಿ ಏನೋ ಕೇಳಿದಳು. ಇವಳು ನಕ್ಕು ಉತ್ತರ ಕೊಟ್ಟಳು.

"ಏನಂತಾಳ?" ಎಂದೆ.

"ನೀವು ಯಾರಂತ ಕೇಳ್ಯಾಳ್ರಿ."

"ನೀ ಏನಂದಿ?"

ಅವಳು ಒಂದು ಗಳಿಗೆ ಬೇವಿನ ಮರದ ಕಡೆ ನೋಡಿದಳು. ಈ ಸಲ ನಾನು ಕಾದೆ.

"ನಮ್ಮ ಅಕ್ಕೋರು ಅಂದಿನ್ರಿ."